ಮಡಕಶಿರದ ಹುಣಸೆ ತಕ್ಕಡಿ

ಮಡಕಶಿರದ ಸಂತೆಯಲ್ಲಿ ಎಲ್ಲರಿಗೂ ಒಂದೇ ತಕ್ಕಡಿ. ರಾಯದುರ್ಗದಿಂದ ಬಂದ ನಾನು ವರ್ಷಕ್ಕೆಂದು ಒಂದು ಮಣ ಹುಣಸೆಹಣ್ಣು ತೂಗಿಸಿ ಎತ್ತಿದೆ. ಹಗುರ ಅನ್ನಿಸಿತು. ನನ್ನ ಕೈ ಸುಳ್ಳು ಹೇಳುವುದಿಲ್ಲ.

"ಹಣ್ಣ ಆ ತಟ್ಟಿಗೆ ಹಾಕು, ಕಲ್ಲ ಈ ತಟ್ಟಿಗೆ. ಇನ್ನೊಮ್ಮೆ ತೂಗಪ್ಪ," ಎಂದೆ.

"ಯಾಕಜ್ಜಿ, ಊರೆಲ್ಲ ನಂಬೈತೆ, ನಿಂಗೊಬ್ಳಿಗೇ ಅನುಮಾನವಾ?" ಎಂದ ತೂಗುವವನು.

"ಖರೇ ತಕ್ಕಡಿ ಹೆಂಗ ತೂಗಿದ್ರೂ ಒಂದೇ ತೋರಸ್ತೈತಿ. ಅಂಜಿಕಿ ಯಾಕ?"

ಬದಲಿಸಿ ತೂಗಿದ. ಹಣ್ಣಿನ ತಟ್ಟೆ ಮೇಲೆದ್ದಿತು. ಅವನೇ ಬೆಪ್ಪಾಗಿ, ಯಾವಾಗಲೂ ಹಣ್ಣು ಹಾಕುವ ತಟ್ಟೆಯನ್ನು ಮಗುಚಿದ. ಅಡಿಯಲ್ಲಿ ಹುಣಸೆ ಅಂಟು ರೊಟ್ಟಿಯಷ್ಟು ದಪ್ಪ ಮೆತ್ತಿತ್ತು. ಕುಡುಗೋಲಿನಿಂದ ಕೆರೆದು, "ತಗೋ ಅಜ್ಜಿ, ಇದೂ ನಿಂದೇ," ಎಂದು ನಕ್ಕ.

"ಅದನ್ನ ನಿನ್ನ ಸಾರಿಗೆ ಹಾಕ್ಕೋ. ನನಗ ಹಣ್ಣ ಕೊಡು."

ಕೊಟ್ಟ. ತಿರುಗಿ ನೋಡಿದರೆ, ಆಗಲೇ ಕೊಂಡು ಹೊರಟಿದ್ದ ಹೆಂಗಸರೆಲ್ಲ ಮೂಟೆ ಇಳಿಸಿ ನನ್ನ ಹಿಂದೆ ನಿಂತಿದ್ದರು.