ಮುತ್ಯಾನ ಹಣೆಯ ಮೂರು ಪಟ್ಟಿ

ನಗು ತಡೆಯಲಾಗದೆ ಆಳಂದದ ಬಸ್ ನಿಲ್ದಾಣದಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ, ಗೆಳೆಯರೇ. ಪಕ್ಕದಲ್ಲಿ ನಮ್ಮ ಮುತ್ಯಾ, ಅಂದರೆ ನಮ್ಮಜ್ಜ, ಕಬ್ಬಿನ ಹಾಲು ಕುಡಿಯುತ್ತಿದ್ದಾನೆ.

ಅಂಗಡಿಯ ಸುಗಂಧದ ವಿಭೂತಿ ಒಗ್ಗದೆ ಅವನ ಹಣೆಯ ತುಂಬ ಕೆಂಪು ದದ್ದು ಎದ್ದಿತ್ತು. ಹೋದ ಸಲ ಚರ್ಮದ ಡಾಕ್ಟರಮ್ಮ ಬಿಳಿ ಮುಲಾಮು ಕೊಟ್ಟು, ವಾಸಿಯಾಗುವವರೆಗೆ ವಿಭೂತಿ ಬೇಡ ಎಂದಿದ್ದರು. ಮುತ್ಯಾ ಜಗಳವಾಡದೆ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಇವತ್ತು ಹಣೆ ನೋಡಿ ಡಾಕ್ಟರಮ್ಮ ಬೆರಗಾದರು. ದದ್ದು ಹೋಗಿದೆ, ಆದರೆ ಮೂರು ಅಡ್ಡ ಪಟ್ಟಿಗಳಲ್ಲಿ ಮಾತ್ರ! ನಡುವೆಲ್ಲ ಹಾಗೇ ಕೆಂಪು.

“ಮುತ್ಯಾರ, ಮುಲಾಮು ಹೆಂಗ ಹಚ್ಚಿದ್ರಿ?”

ಮುತ್ಯಾ ಮೂರು ಬೆರಳನ್ನು ಹಣೆಯ ಮೇಲೆ ಅಡ್ಡಕ್ಕೆ ಎಳೆದು ತೋರಿಸಿದ. “ವಿಭೂತಿ ಬಿಡ್ರಿ ಅಂದ್ರಿ, ಬಿಟ್ಟೇನಿ. ಬರೇ ಹಣಿಲೆ ಲಿಂಗಪೂಜಿಗೆ ಹೆಂಗ ಕೂಡ್ಲಿರಿ?”

ಡಾಕ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಚಲೋ ಆಯ್ತು ಬಿಡ್ರಿ. ಇನ್ನ ನಡುವಿನ ಜಾಗಕ್ಕೂ ಹಚ್ರಿ, ಪೂರಾ ಹೋಗ್ತದ.”

“ಹೂಂನ್ರಿ” ಎಂದು ಎದ್ದು ಬಂದ.

ನಿಲ್ದಾಣಕ್ಕೆ ಬಂದರೆ, ನರೋಣಾ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಆ ತಿಳಿ ಪಟ್ಟಿಗಳನ್ನು ದೂರದಿಂದಲೇ ನೋಡಿ ಕೈ ಮುಗಿದಳು. “ಶರಣ್ರಿ ಮುತ್ಯಾ! ವಿಭೂತಿ ಎಷ್ಟ್ ಲಕ್ಷಣ ಕಾಣ್ತದರೀ!”

ಅಷ್ಟೇ. ಮುತ್ಯಾ ಮುಲಾಮಿನ ಟ್ಯೂಬನ್ನು ನನ್ನ ಕೈಗಿಟ್ಟ. “ಇದನ್ನ ನೀನೇ ಇಟ್ಕೋ. ನಾ ನಡುವ ಹಚ್ಚಂಗಿಲ್ಲ. ಈ ವಿಭೂತಿ ಬೆವರಿಗೂ ಅಳಿಯಂಗಿಲ್ಲ ನೋಡು!”

ವಾಸಿಯಾಗಲು ಒಲ್ಲೆನ್ನುವ ರೋಗಿಯನ್ನು ಯಾವ ತಜ್ಞರಿಗೆ ತೋರಿಸಬೇಕು? ಬಲ್ಲವರು ತಿಳಿಸಿ.