ಅಕ್ಕ ಚರ್ಚಿನಲ್ಲಿ ಹಾಡಿದ ಸಂಜೆ

ಮಕ್ಕಳೇ, ಮೊನ್ನೆ ನೀವು ಚರ್ಚಿನ ಹಳೆಯ ಕಾಗದಗಳ ಕೋಣೆಯಲ್ಲಿ ನೋಡಿದಿರಲ್ಲ, ಆ ಹಳದಿ ಹಾಳೆ ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ಇನ್ನೂ ಬೆಳ್ಳಗೆ, ಹೊಸದಾಗಿತ್ತು. ಚರ್ಚಿನ ಬಾಗಿಲಲ್ಲಿ ಅಂಥದೊಂದನ್ನು ನನ್ನ ಕೈಗಿತ್ತಾಗ ಅಚ್ಚಿನ ಶಾಯಿಯ ವಾಸನೆ ಬಂತು. ಅಂದಿನ ಸಂಗೀತ ಕಾರ್ಯಕ್ರಮದಲ್ಲಿ ಯಾರು ಏನು ಹಾಡುತ್ತಾರೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಒಳಪುಟದ ನಡುವೆ ನನ್ನ ಅಕ್ಕನ ಹೆಸರಿತ್ತು.

ಆಗ ನಾವು ತಮಿಳು ಸೀಮೆಯಲ್ಲಿ, ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿದ್ದೆವು. ಉಡುಪಿ ಕಡೆಯಿಂದ ಬಂದ ಅಪ್ಪ ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅಕ್ಕ ಮಿಷನ್ ಶಾಲೆಗೆ ಹೋಗುತ್ತಿದ್ದಳು. ಅವಳ ದನಿ ಕೇಳಿದ ಟೀಚರು ಅವಳನ್ನು ಚರ್ಚಿನಲ್ಲಿ ಹಾಡುವ ಗುಂಪಿಗೆ ಸೇರಿಸಿದ್ದರು. ಅಮ್ಮ ಇದ್ದಷ್ಟು ದಿನ ಯಾವ ಅಡ್ಡಿಯೂ ಇರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಗೆಲಸವೆಲ್ಲ ಅಕ್ಕನ ತಲೆಗೆ ಬಿತ್ತು.

“ಇನ್ನು ಆ ಹಾಡು ಎಂತಕ್ಕೆ?” ಅಂದರು ಅಪ್ಪ. ಅಕ್ಕ ಎದುರು ಮಾತಾಡಲಿಲ್ಲ. ಆದರೆ ಪಾತ್ರೆ ತೊಳೆಯುವಾಗ ಗುನುಗುವುದನ್ನೂ ನಿಲ್ಲಿಸಿಬಿಟ್ಟಳು. ಮನೆ ಎಷ್ಟು ಸದ್ದಡಗಿತೆಂದರೆ, ಕೊನೆಗೆ ಅಪ್ಪನೇ ಸೋತು, “ಆಯ್ತು ಮಾರಾಯ್ತಿ, ಒಂದ್ಸಲ ಬಂದು ಕೇಳ್ತೇನೆ. ಜನ ಮೆಚ್ಚಿದ್ರೆ ಹಾಡು. ಇಲ್ಲದಿದ್ರೆ ಅಲ್ಲಿಗೆ ಸಾಕು” ಅಂದರು.

ಅದು ಶುಭ ಶುಕ್ರವಾರಕ್ಕೆ ಮುಂಚಿನ ದಿನಗಳು. ಅಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಆದರೂ ಅವರ ಮೈಯಿಂದ ಒಗ್ಗರಣೆಯ ಘಮ ಪೂರ್ತಿ ಹೋಗಿರಲಿಲ್ಲ. ಚರ್ಚಿನ ಮೆಟ್ಟಿಲ ಬಳಿ ನಾವಿಬ್ಬರೂ ಚಪ್ಪಲಿ ಬಿಟ್ಟೆವು. ಬೇರೆ ಯಾರೂ ಬಿಟ್ಟಿರಲಿಲ್ಲ. ಒಳಗೆ ಕಾಲಿಗೆ ಕಲ್ಲಿನ ನೆಲ ತಣ್ಣಗೆ ತಾಗಿತು. ಮೇಲಿಂದ ಇಳಿಬಿದ್ದ ಉದ್ದನೆಯ ಫ್ಯಾನುಗಳು ನಿಧಾನವಾಗಿ ತಿರುಗುತ್ತಿದ್ದವು. ಆರ್ಗನ್ ಶುರುವಾದಾಗ ಸದ್ದು ಕಿವಿಗಿಂತ ಮೊದಲು ಕೂತ ಬೆಂಚಿನ ಮರದಲ್ಲಿ ನನಗೆ ತಿಳಿಯಿತು. ಒಂದು ಹಾಡು ಮುಗಿದ ಕೂಡಲೇ ಮತ್ತೊಂದು, ನಡುವೆ ಬಿಡುವೇ ಇಲ್ಲ. ಜನ ಹಾಳೆ ತಿರುಗಿಸುವಾಗ ಮಾತ್ರ ಒಣ ಎಲೆ ಮಿಸುಕಿದಂತೆ ಸರಪರ ಕೇಳುತ್ತಿತ್ತು.

ಅಕ್ಕ ಮುಂದೆ ಬಂದು ನಿಂತಳು. ಅದು ಮಗನನ್ನು ಕಳೆದುಕೊಂಡ ತಾಯಿಯ ಹಾಡು ಎಂದು ಅಕ್ಕ ಆಮೇಲೆ ಹೇಳಿದಳು. ಆಗ ಮಾತು ನನಗೆ ತಿಳಿಯಲಿಲ್ಲ, ಅಪ್ಪನಿಗೂ ತಿಳಿದಿರಲಾರದು. ಆದರೆ ಅಮ್ಮ ಹೋದ ದಿನ ಅಕ್ಕ ಅಳದೇ ಒಳಗಿಟ್ಟುಕೊಂಡದ್ದೆಲ್ಲ ಆ ದನಿಯಲ್ಲಿ ಮೆಲ್ಲಗೆ ಹೊರಬಂತು. ಅಪ್ಪ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಹಾಡು ಮುಗಿಯುವವರೆಗೂ ಬಿಡಲಿಲ್ಲ.

ಹಾಡು ಮುಗಿಯಿತು. ಆಮೇಲೆ ಆರ್ಗನ್ನೂ ಶುರುವಾಗಲಿಲ್ಲ. ಒಬ್ಬರೂ ಕೈ ತಟ್ಟಲಿಲ್ಲ. ಅಪ್ಪ ಆ ಕಡೆ ಈ ಕಡೆ ನೋಡಿದರು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು.

“ಎಂತ ಇದು, ಕೈ ತಟ್ಟುವವರು ಒಬ್ಬರೂ ಇಲ್ವಾ?” ಅಪ್ಪ ಪಿಸುಗುಟ್ಟಿದರು. ಜನ ಮೆಚ್ಚದಿದ್ದರೆ ಅಲ್ಲಿಗೆ ಸಾಕು ಅಂದಿದ್ದರಲ್ಲ. ಅಪ್ಪ ಎದ್ದು ನಿಂತರು. ಹೊರಟೇ ಹೋಗುತ್ತಾರೆ ಅಂದುಕೊಂಡೆ.

ಅಪ್ಪ ಕೈ ತಟ್ಟಿದರು. ದಿನವೂ ದೊಡ್ಡ ಬಾಣಲೆ ಎತ್ತಿಳಿಸುವ ಆ ಕೈಗಳ ಸದ್ದು ಎತ್ತರದ ಛಾವಣಿಗೆ ಬಡಿದು ವಾಪಸು ಬಂತು. ಎಲ್ಲರೂ ತಿರುಗಿ ನೋಡಿದರು. ಅಪ್ಪ ನಿಲ್ಲಿಸಲಿಲ್ಲ. ಅಕ್ಕನನ್ನೇ ನೋಡುತ್ತಾ ತಟ್ಟಿದರು.

ಮುಂದಿನ ಬೆಂಚಿನ ಅಜ್ಜಿಯೊಬ್ಬರು ತಿರುಗಿ, ಮೆಲುದನಿಯಲ್ಲಿ ತಮಿಳಿನಲ್ಲಿ ಹೇಳಿದರು: “ಇದು ಉಪವಾಸದ ಕಾಲ ಸಾರ್, ಕೈ ತಟ್ಟುವ ಹಾಗಿಲ್ಲ.” ನನ್ನ ಹಾಳೆಯ ಹಿಂಪುಟ ತಿರುಗಿಸಿ, ಸಣ್ಣ ಅಕ್ಷರದ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿದರು. ಅಲ್ಲಿ ಅದೇ ಬರೆದಿತ್ತು. ಅಪ್ಪ ಎಲ್ಲರಿಗೂ ಕೈ ಮುಗಿದು ಕೂತುಬಿಟ್ಟರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ನಿಮ್ಮ ಮಗಳಾ?” ಅಂತ ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು.

ವಾಪಸು ಬರುವಾಗ ರೈಲಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. “ನನ್ನ ಮಾನ ಕಳೆದ್ರಿ ಅಪ್ಪ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ನನಗೆಂತ ಗೊತ್ತು? ನಮ್ಮ ಹೋಟೆಲಲ್ಲಿ ರುಚಿಯಾದ್ರೆ ಜನ ಬಾಯಿಬಿಟ್ಟು ಹೇಳ್ತಾರೆ.” ಆಮೇಲೆ ಅಪ್ಪ ಕೇಳಿದರು, “ಇನ್ನು ಯಾವಾಗ ಉಂಟು?”

“ಈಸ್ಟರಿಗೆ. ಆಗ ತಟ್ಟಬಹುದು.”

“ಸರಿ. ಅವತ್ತು ರಜೆ ಕೇಳ್ತೇನೆ.”

ಅಕ್ಕ ಈಸ್ಟರಿಗೂ ಹಾಡಿದಳು, ಮದುವೆಯಾದ ಮೇಲೂ ಹಾಡಿದಳು.

ಮಕ್ಕಳೇ, ಕಳೆದ ತಿಂಗಳು ನಿಮ್ಮ ಶಾಲೆಯ ವೇದಿಕೆಯಲ್ಲಿ ನೀವು ಹಾಡುತ್ತಿದ್ದಾಗ ಸಭೆಯ ತುಂಬ ಫೋನುಗಳು ಎದ್ದವು. ಪ್ರತಿ ಪರದೆಯಲ್ಲೂ ನೀವು ಪುಟ್ಟದಾಗಿ ಹೊಳೆಯುತ್ತಿದ್ದಿರಿ. ಈಗ ಆ ಹಾಡನ್ನು ಬೇಕೆಂದಾಗಲೆಲ್ಲ ಕೇಳಬಹುದು. ನಮ್ಮ ಅಕ್ಕನ ದನಿಯನ್ನು ಯಾರೂ ಹಾಗೆ ಹಿಡಿದಿಡಲಿಲ್ಲ. “ತಾತ, ನೀವು ಯಾಕೆ ವಿಡಿಯೋ ತೆಗೀಲಿಲ್ಲ?” ಅಂತ ನೀವು ಮುನಿಸಿಕೊಂಡಿರಿ. ನನಗೆ ಎರಡು ಕೈಯೂ ಬೇಕಾಗಿತ್ತು.