ಡೆಕ್ ಮೇಲೆ ಬಾರದ ಆಮೆ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಪ್ರಾಣಿಶಾಸ್ತ್ರ. ಅಮ್ಮ ಶಿವಾಜಿನಗರದ ಮಾರುಕಟ್ಟೆಯಲ್ಲಿ ಮೀನು ಕೊಯ್ದು ಓದಿಸಿದಳು. ನಾನು ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ಕೂತು ಮೀನು ನೋಡುವ ಕೆಲಸ ಹಿಡಿದೆ. ನಡುಗಡಲಿನಲ್ಲಿ ಟ್ಯೂನಾ ಹಿಡಿಯುವ ಹಡಗುಗಳು ಮೈಲಿಗಟ್ಟಲೆ ಹಗ್ಗ ಬಿಟ್ಟು, ಅದಕ್ಕೆ ಸಾಲಾಗಿ ಗಾಳ ಕಟ್ಟಿರುತ್ತವೆ. ಟ್ಯೂನಾ ಜೊತೆ ಬೇಡದ್ದೂ ಸಿಕ್ಕಿಬೀಳುತ್ತದೆ: ಶಾರ್ಕು, ಹಕ್ಕಿ, ಆಮೆ. ಹಡಗಿನ ಕ್ಯಾಮೆರಾ ತೆಗೆದ ವಿಡಿಯೊ ನೋಡಿ, ಏನೇನು ಸಿಕ್ಕಿತೆಂದು ನಮ್ಮ ಕ್ಲೈಂಟಿಗೆ, ಅಂದರೆ ಹಡಗಿನ ಕಂಪನಿಗೆ, ಗುರುತು ಹಾಕಿಕೊಡುವುದು ನಮ್ಮ ಕೆಲಸ.

"ಮೀನು ನೋಡಕ್ಕೆ ಇಷ್ಟೊಂದು ಓದ್ಬೇಕಿತ್ತೇನೇ? ನನ್ ಅಂಗಡೀಲಿ ಫ್ರೀಯಾಗಿ ತೋರಿಸ್ತಿದ್ದೆ," ಎಂದು ಅಮ್ಮ ರೇಗಿಸುತ್ತಾಳೆ.

ಅವತ್ತು ಗಾಳಕ್ಕೆ ಆಮೆ ಸಿಕ್ಕಿತ್ತು. ಹಡಗಿನ ಅಂಚಿಗೆ ಬರುತ್ತಲೇ ಒಬ್ಬ ಬಗ್ಗಿ ದಾರ ಕತ್ತರಿಸಿದ. ಬಾಯಲ್ಲಿ ಗಾಳ ಇಟ್ಟುಕೊಂಡೇ ಅದು ಮುಳುಗಿತು. ಚಿಪ್ಪು, ಮುಂಗಾಲು ಸ್ಪಷ್ಟವಾಗಿದ್ದವು. 'ಆಮೆ' ಎಂದು ಒತ್ತಿದೆ.

ಒಂದೇ ವಿಡಿಯೊವನ್ನು ಮೂವರು ನೋಡುತ್ತೇವೆ. ಇಬ್ಬರು ಒತ್ತಿದ್ದೇ ಸರಿಯುತ್ತರ, ಹೊಂದದವರ ಅಂಕ ಇಳಿಯುತ್ತದೆ. ಹಾಗಾಗಿ ಪರದೆಯಲ್ಲಿ ಏನಿದೆ ಎನ್ನುವುದಕ್ಕಿಂತ, ಉಳಿದವರು ಏನು ಒತ್ತಿಯಾರು ಎಂಬ ಲೆಕ್ಕಾಚಾರವೇ ಜಾಸ್ತಿ. ಡೆಕ್ ಮೇಲೆ ಎಳೆದುಕೊಳ್ಳದೆ ಅಂಚಿನಲ್ಲೇ ಕತ್ತರಿಸಿ ಬಿಟ್ಟದ್ದಕ್ಕೆ 'ಗೊತ್ತಾಗಲಿಲ್ಲ' ಒತ್ತುವುದು ರೂಢಿ.

ಉಳಿದಿಬ್ಬರೂ ಹಾಗೇ ಒತ್ತಿದ್ದರು, ನನ್ನ ಅಂಕ ಇಳಿಯಿತು. ಪಕ್ಕದ ಸೀಟಿನ ಗೆಳತಿಗೂ ಅದೇ ವಿಡಿಯೊ ಬಂದಿತ್ತು.

"ನೀನೂ ನೋಡಿದ್ಯಲ್ಲ?"

"ನೋಡ್ದೆ ಮಗಾ, ಆಮೇನೇ. ಆದ್ರೆ ನೀನು ಆಮೆ ಅಂತ ಒತ್ತೀಯ ಅಂತ ನಂಗೆ ಹೇಗ್ ಗೊತ್ತಾಗ್ಬೇಕು?"

ಮೇಲ್ವಿಚಾರಕರ ಬಳಿ ಹೋದೆ.

"ಡೆಕ್ ಮೇಲೆ ಬಂತೇನ್ರೀ? ಇಲ್ವಲ್ಲ. ಬಿಟ್ಟಾಕಿ."

"ಅದರ ಬಾಯಲ್ಲಿ ಗಾಳ ಇದೆ ಸರ್."

"ಕ್ಲೈಂಟ್ ಬಾಯಲ್ಲಿಲ್ವಲ್ಲ?"

ಹಟ ಹಿಡಿದು ಮರುನೋಟಕ್ಕೆ ಹಾಕಿಸಿದೆ. ಈ ಸಲ ಆಮೆ ಎಂದೇ ಒತ್ತುತ್ತೇನೆಂದು ಗೆಳತಿ ಮಾತು ಕೊಟ್ಟಳು. ಇಬ್ಬರಾದೆವು, ಆಮೆ ಲೆಕ್ಕಕ್ಕೆ ಬಂದ ಹಾಗೆಯೇ ಅಂದುಕೊಂಡೆ. ಆದರೆ ಅಂಕ ಇಳಿದವರನ್ನು ಮರುನೋಟಕ್ಕೆ ಸೇರಿಸುವುದಿಲ್ಲವಂತೆ! ನನ್ನ ಜಾಗಕ್ಕೆ ಬಂದವರು ರೂಢಿಯಂತೆ ಒತ್ತಿದರು. ಮೂವರಲ್ಲಿ ಗೆಳತಿ ಒಂಟಿಯಾದಳು, ಅವಳ ಅಂಕವೂ ಹೋಯಿತು. ಕೆ.ಆರ್. ಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದಳು. ಬೈಸಿಕೊಂಡೆ.

ಮಾರನೆಯ ದಿನ ಇಬ್ಬರಿಗೂ ಅದೇ ಹಡಗಿನ ಇನ್ನೊಂದು ವಿಡಿಯೊ. ಅದೇ ಮನುಷ್ಯ ಚಾಕು ಹಿಡಿದು ಅಂಚಿಗೆ ಬಗ್ಗಿದ.

"ಏನ್ ಒತ್ತುತೀಯ? ಈಗ್ಲೇ ಹೇಳ್ಬಿಡು, ಪುಣ್ಯ ಬರತ್ತೆ," ಎಂದಳು.

"ನೀನು ಮೊದ್ಲು ಪರದೆ ನೋಡೇ!" ಎಂದು ರೇಗಿದೆ.